ಗಂಡು ಮರಿ ನನಗೆ, ಹೆಣ್ಣು ಮರಿ ಅವಳಿಗೆ

ನಾಯಿ ಸಾಕಿದವರಿಗಿಂತ ಸಾಕದವರಿಗೇ ನಾಯಿಯ ಬಗ್ಗೆ ಖಚಿತವಾದ ಅಭಿಪ್ರಾಯಗಳಿರುತ್ತವೆ. ಇದು ನನಗೆ ತಿಳಿದದ್ದು ನಾನೇ ಒಂದು ನಾಯಿ ಸಾಕಲು ಹೊರಟಾಗ. ಹಿರಿಯೂರಿನ ನಮ್ಮ ಕಚೇರಿಯಲ್ಲಿ ಯಾವುದಾದರೂ ಕಡತದ ಬಗ್ಗೆ ಅಭಿಪ್ರಾಯ ಕೇಳಿದರೆ ‘ಸಾಹೇಬರನ್ನ ಕೇಳ್ರಿ’ ಎಂದು ನುಣುಚಿಕೊಳ್ಳುವ ಮಂದಿ, ಚಹಾದ ಹೊತ್ತಿನಲ್ಲಿ ನಾನು ಬಾಯಿತಪ್ಪಿ ‘ಗಂಡು ಮರಿ ತರೋದೋ ಹೆಣ್ಣು ಮರಿ ತರೋದೋ’ ಎಂದದ್ದೇ ತಡ, ಕುರ್ಚಿ ಎಳೆದುಕೊಂಡು ಬಂದು ಸುತ್ತ ಕುಳಿತುಬಿಟ್ಟರು. ಭರಮಸಾಗರದ ಕಡೆಯವರಾದ ತಿಪ್ಪೇಸ್ವಾಮಿ, ‘ಹೆಣ್ಣು ತರಬ್ಯಾಡ್ರಿ. ಹೇಳಿದ್ದು ಒಂದೇ ಸಲಕ್ಕೆ ತಿಳ್ಕಂತೈತೆ, ಆದ್ರೆ ಅದಕ್ಕೆ ಮನಸ್ಸು ಬಂದಾಗ್ಲೇ ಮಾಡಾದು’ ಎಂದರು. ಪಕ್ಕದ ಮೇಜಿನ ಶಾಂತಮ್ಮನವರು ಲೋಟ ಕೆಳಗಿಟ್ಟು, ‘ಗಂಡಿಗೆ ಅಷ್ಟೂ ತಿಳಿಯಲ್ಲ ಬಿಡ್ರಿ. ಮನೇಲಿ ಹೇಳಿದ್ದು ಬೀದಿ ತಿರುವಿಗೆ ಹೋಗೋ ಹೊತ್ತಿಗೆ ಮರ್ತಿರ್ತೈತೆ. ಒಂದೊಂದು ಕಂಬಾನೂ ಮಾತಾಡ್ಸಿಕಂಡು ಬರ್ತೈತೆ’ ಎಂದರು. ಇಬ್ಬರ ದನಿಯಲ್ಲೂ ಎಷ್ಟು ನೋವಿತ್ತೆಂದರೆ, ಅವರು ನಾಯಿಯ ಬಗ್ಗೆಯೇ ಮಾತನಾಡುತ್ತಿದ್ದಾರೆಯೇ ಎಂದು ನನಗೆ ಅನುಮಾನ ಬಂತು. ವಿಚಾರಿಸಿದರೆ ಇಬ್ಬರ ಮನೆಯಲ್ಲೂ ಯಾವತ್ತೂ ನಾಯಿ ಇದ್ದದ್ದಿಲ್ಲ.

ನನಗೆ ನಾಯಿ ಏಕೆ ಬೇಕಾಗಿತ್ತು ಎಂಬುದನ್ನು ಅವರಾರೂ ಕೇಳಲಿಲ್ಲ. ಕೇಳಿದ್ದರೆ ‘ಕಳ್ಳರ ಕಾಟ’ ಎಂದು ಹೇಳುತ್ತಿದ್ದೆ. ಕಳ್ಳರು ನಮ್ಮ ಮನೆಗೆ ಬಂದರೆ ಅವರೇ ಮರುಕಪಟ್ಟು ಏನಾದರೂ ಇಟ್ಟು ಹೋಗಬೇಕು, ಅಂಥ ಮನೆ ಅದು. ನಾನು ಬಾಡಿಗೆಗಿರುವುದು ಬಬ್ಬೂರಿನಲ್ಲಿ. ಒಂದು ಹಾಲ್, ಒಂದು ಅಡುಗೆಮನೆ, ಅದರಲ್ಲಿ ಒಂದು ಕುಕ್ಕರು. ಸಂಜೆ ಕಚೇರಿಯಿಂದ ಬಂದು ಬೀಗ ತೆಗೆದಾಗ ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತದೆ. ಯಾರಾದರೂ ಅದನ್ನು ಎತ್ತಿಟ್ಟು, ‘ಕುಡಿದ ಲೋಟ ತೊಳ್ಯಕ್ಕೇನಾಗೈತೆ ನಿಮಗೆ’ ಎಂದು ಬೈಯಬಾರದೇ ಎನ್ನಿಸುತ್ತದೆ. ಬೈಗುಳಕ್ಕೂ ಆಸೆಪಡುವ ಸ್ಥಿತಿ ಬರುತ್ತದೆಂದು ಮದುವೆಯಾದ ಹೊಸದರಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಬೈಯಬೇಕಾದವಳು, ಅಂದರೆ ನನ್ನ ಹೆಂಡತಿ ಗಿರಿಜ, ಹೊಸದುರ್ಗದಲ್ಲಿ ಹೈಸ್ಕೂಲು ಟೀಚರು. ಮಗಳು ಸಿಂಚನ ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಒಂದೇ ಜಿಲ್ಲೆಯ ಮೂರು ಊರಿನಲ್ಲಿ ಮೂರು ಜನ. ಶನಿವಾರ ಸಂಜೆ ನಾನು ಅಲ್ಲಿಗೆ ಹೋಗುವುದು, ಇಲ್ಲವೇ ಅವಳು ಇಲ್ಲಿಗೆ ಬರುವುದು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು. ಹೀಗೇಕೆ ಎಂದು ಬೀಗರು ನೆಂಟರು ಕೇಳುತ್ತಾರೆ. ಮೊದಮೊದಲು ವರ್ಗಾವಣೆ ಸಿಗಲಿಲ್ಲ. ಆಮೇಲೆ ಸಿಗುವ ಕಾಲ ಬಂದಾಗ ಯಾರು ಹೋಗುವುದು ಎಂದಾಯಿತು. ಅವಳಿಗೆ ಪ್ರತಿ ವರ್ಷವೂ ‘ಈ ಸಲದ ಎಸ್ಸೆಲ್ಸಿ ಮಕ್ಕಳನ್ನೊಂದು ದಡ ಹತ್ತಿಸಿಬಿಡ್ತೀನಿ’. ನನಗೆ, ಹೆಂಡತಿಯ ಊರಿಗೆ ವರ್ಗ ಮಾಡಿಸಿಕೊಂಡು ಹೋದನೆಂದು ತಿಪ್ಪೇಸ್ವಾಮಿ ಚಹಾದ ಹೊತ್ತಿನಲ್ಲಿ ಆಡಿಕೊಳ್ಳುತ್ತಾರೆಂಬ ಭಯ. ಅವಳು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವಳು. ಮಗಳು ಬೆಳೆದು ನಮ್ಮ ಹೆಗಲಿಗೆ ಬಂದಳು. ನಾವು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಕೈಬೀಸುವುದರಲ್ಲಿ ನಿಸ್ಸೀಮರಾದೆವು.

ಮರಿ ಸಿಕ್ಕಿದ್ದು ತಾಳ್ಯದಲ್ಲಿ. ನೆಂಟರ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಹೋಗಿದ್ದೆವು. ಊಟ ಮುಗಿಸಿ ಬಸ್ಸಿಗೆ ನಡೆದು ಬರುವಾಗ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದ ವಯಸ್ಸಾದ ಗಂಡಹೆಂಡಿರು ಕಂಡರು. ಮಂದೆಯ ಸುತ್ತ ಕಟ್ಟಿದ್ದ ಬಲೆಯ ಪಕ್ಕದಲ್ಲಿ ಎರಡು ನಾಯಿಮರಿಗಳು ಕುರಿಮರಿಗಳ ಜೊತೆ ಸೇರಿ, ತಾವೂ ಕುರಿಗಳೇ ಎಂಬ ನಂಬಿಕೆಯಿಂದ ಹುಲ್ಲು ಮೂಸುತ್ತಿದ್ದವು. ಒಂದು ಕಪ್ಪು, ಗಂಡು. ಒಂದು ಕೆಂಚು, ಹೆಣ್ಣು. ನಾನು ಗಂಡು ಮರಿಯನ್ನು ಕೇಳಿದೆ. ಅಜ್ಜ ಅದರ ಕತ್ತಿನ ತೊಗಲು ಹಿಡಿದು ಮೇಲೆತ್ತಿದ. ಹಾಗೆ ಎತ್ತಿದಾಗ ಅಳದ ಮರಿ ಜಾಣ ಆಗುತ್ತದೆ ಎಂಬುದು ಅವರ ಲೆಕ್ಕ. ಕರಿಯ ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡ. ಅಜ್ಜ ಕೊಂಚವೂ ಅಳುಕದೆ, ‘ಗಂಡಲ್ವಾ, ಗಂಟಲು ಗಟ್ಟಿ ಐತೆ’ ಎಂದ. ಕೆಂಚಿಯನ್ನು ಎತ್ತಿದ. ಅದು ತುಟಿಪಿಟಕ್ಕೆನ್ನದೆ ಕಾಲು ಇಳಿಬಿಟ್ಟುಕೊಂಡು, ‘ಇಳಿಸುವಾಗ ಇಳಿಸು’ ಎಂಬಂತೆ ಅವನನ್ನೇ ನೋಡಿತು. ‘ನೋಡಿದ್ರಾ! ಕಲಿಯಾಕೆ ಹೆಣ್ಣೇ ಸೈ’ ಎಂದಳು ಅಜ್ಜಿ. ‘ಸುಮ್ಕಿರೇ, ಹೆಣ್ಣು ಮಂದೆ ಬಿಟ್ಟು ಕದಲಲ್ಲ, ಅದು ಜಾಣತನಾನಾ? ಗಂಡಾದ್ರೆ ನಾಕು ಊರು ನೋಡ್ಕಂಡು ಬರ್ತೈತೆ’ ಎಂದ ಅಜ್ಜ. ‘ಹೂಂ, ನಾಕು ಊರು ನೋಡ್ಕಂಡು ಬರಾ ಹೊತ್ತಿಗೆ ಇಲ್ಲಿ ಕುರಿ ತೋಳದ ಹೊಟ್ಟೇಲಿ ಇರ್ತೈತೆ’ ಎಂದಳು ಅಜ್ಜಿ. ಅವರ ಜಗಳ ಎಷ್ಟು ಹಳೆಯದೆಂದರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ಆಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ನಮಗೆ ಅಷ್ಟು ಸಲೀಸಾಗಿ ಜಗಳವಾಡುವಷ್ಟು ದಿನಗಳೇ ಸಿಕ್ಕಿಲ್ಲ.

ಆದರೆ ಒಂದು ತೊಡಕಿತ್ತು. ಒಂದೇ ಸೂಲಿನಲ್ಲಿ ಕೊನೆಗೆ ಎರಡು ಮರಿ ಉಳಿದರೆ ಅವುಗಳಲ್ಲಿ ಒಂದನ್ನಷ್ಟೇ ಕೊಡುವುದು ಅವರ ಮನೆತನದಲ್ಲಿ ಇಲ್ಲವಂತೆ. ‘ಒಂಟಿ ಮಾಡಲ್ಲ ನಾವು. ಒಯ್ಯಾದಾದ್ರೆ ಎರಡೂ ಒಯ್ರಿ’ ಎಂದಳು ಅಜ್ಜಿ. ಬೇರೆ ಯಾರಾದರೂ ಆಗಿದ್ದರೆ ಎರಡನ್ನೂ ಒಂದೇ ಮನೆಗೆ ಒಯ್ಯುತ್ತಿದ್ದರು, ಇಲ್ಲವೇ ಬೇಡವೆನ್ನುತ್ತಿದ್ದರು. ನಾವು ಗಂಡಹೆಂಡಿರು ಮುಖಮುಖ ನೋಡಿಕೊಂಡು ಒಟ್ಟಿಗೇ ‘ಆಗಲಿ’ ಎಂದೆವು. ನನಗೊಂದು, ಅವಳಿಗೊಂದು. ನಮ್ಮ ಸಂಸಾರದಲ್ಲಿ ಎಲ್ಲವೂ ಎರಡೆರಡು. ಗ್ಯಾಸು ಎರಡು, ಮಿಕ್ಸಿ ಎರಡು, ಸಾಸಿವೆ ಡಬ್ಬಿ ಎರಡು. ನಾಯಿಯೂ ಎರಡಾದರೆ ಅದರಲ್ಲೇನು ವಿಶೇಷ ಎಂದು ಅನ್ನಿಸಿತೇ ಹೊರತು, ಅಜ್ಜಿ ಹೇಳಿದ ಮಾತಿಗೆ ನೇರ ಉಲ್ಟಾ ಮಾಡುತ್ತಿದ್ದೇವೆಂದು ಇಬ್ಬರು ವಿದ್ಯಾವಂತರಿಗೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ಕುಳಿತಾಗ ಮಾತು ಮುಂದುವರಿಯಿತು. ಕಲಿಸಲು ಗಂಡೇ ಸುಲಭ ಎಂದೆ ನಾನು. ಹೆಣ್ಣು ಎಂದಳು ಅವಳು. ‘ಹಂಗಾದ್ರೆ ನೋಡೇಬಿಡಾಣ’ ಎಂದಳು ಗಿರಿಜ. ‘ಕರೆದ್ರೆ ಬರಬೇಕು, ಕೂರು ಅಂದ್ರೆ ಕೂರಬೇಕು, ಇರು ಅಂದ್ರೆ ಇರಬೇಕು. ದಸರಾ ರಜಕ್ಕೆ ಸಿಂಚನ ಬರ್ತಾಳಲ್ಲ, ಅವಳೇ ತೀರ್ಪು ಹೇಳ್ಲಿ.’ ಆಮೇಲೆ ಕಿಟಕಿಯ ಆಚೆ ನೋಡುತ್ತಾ ಸೇರಿಸಿದಳು: ‘ಯಾರ ಮರಿ ಸೋಲುತ್ತೋ ಅವರು ವರ್ಗ ಮಾಡಿಸ್ಕೊಂಡು ಇನ್ನೊಬ್ಬರ ಊರಿಗೆ ಬಂದ್ಬಿಡಬೇಕು.’ ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ. ‘ಆಗ್ಲಿ’ ಎಂದೆ. ಇಷ್ಟು ವರ್ಷ ನಮ್ಮಿಬ್ಬರಿಗೂ ಬಗೆಹರಿಸಲಾಗದ್ದನ್ನು, ಹಾಲುಹಲ್ಲಿನ ಎರಡು ಮರಿಗಳ ತಲೆಗೆ ಕಟ್ಟಿದೆವು.

ಕರಿಯನಿಗೆ ಬಬ್ಬೂರಿನಲ್ಲಿ ಪಾಠ ಶುರುವಾಯಿತು. ನಮ್ಮ ಕಡೆ ಒಂದು ವಿಚಿತ್ರ ಇದೆ. ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಅಪ್ಪಟ ಕನ್ನಡ ಆಡುವವರೂ ನಾಯಿಯ ಮುಂದೆ ನಿಂತರೆ ಇಂಗ್ಲಿಷಿಗೆ ತಿರುಗುತ್ತಾರೆ. ನಾನೂ ‘ಕಮ್’, ‘ಸಿಟ್’ ಎಂದು ಗದರಿಸತೊಡಗಿದೆ. ಕರಿಯ ಕುರಿಗಳ ಮಧ್ಯೆ ಹುಟ್ಟಿ ಬೆಳೆದವನು. ‘ಕಮ್’ ಎಂದರೆ ಬಾಲ ಆಡಿಸುತ್ತಾ ಎದುರುಮನೆಗೆ ಹೋಗುತ್ತಿದ್ದ. ‘ಸಿಟ್’ ಎಂದರೆ ನನ್ನ ಚಪ್ಪಲಿ ಹುಡುಕುತ್ತಿದ್ದ. ಎದುರುಮನೆಯವರು ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿಗೆ ಹೋಗುವವರು; ಅವರ ಮನೆಯ ಮುದ್ದೆ ಸಾರು ನನ್ನ ಕುಕ್ಕರಿನ ಅನ್ನಕ್ಕಿಂತ ರುಚಿ ಎಂಬುದನ್ನು ಅವನು ಮೊದಲ ವಾರದಲ್ಲೇ ಪತ್ತೆ ಹಚ್ಚಿದ್ದ. ಈ ಒಂದು ವಿಷಯದಲ್ಲಿ ಅವನ ಬುದ್ಧಿಯನ್ನು ನಾನು ಅಲ್ಲಗಳೆಯಲಾರೆ. ಕೊನೆಗೆ ಲಸಿಕೆಗೆಂದು ಪಶು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರನ್ನೇ ಕೇಳಿದೆ, ಇದು ಗಂಡಾಗಿರುವುದರ ದೋಷವೇ ಎಂದು. ಅವರು ಸೂಜಿಗೆ ಔಷಧಿ ಎಳೆಯುತ್ತಾ, ‘ಗಂಡು ಹೆಣ್ಣಿಗೆ ಸ್ವಲ್ಪ ವ್ಯತ್ಯಾಸ ಇದ್ರೂ ಇರಬಹುದು ಸಾರ್. ಒಂದು ನಾಯಿಗೂ ಇನ್ನೊಂದು ನಾಯಿಗೂ ಇರೋ ವ್ಯತ್ಯಾಸ ಅದಕ್ಕಿಂತ ಜಾಸ್ತಿ. ದಿನಾ ಎಷ್ಟು ಹೊತ್ತು ಕಲಿಸ್ತೀರಾ?’ ಎಂದರು. ದಿನಾ ಎಂಬ ಮಾತಿಗೆ ನಾನು ಬೇರೆ ಕಡೆ ನೋಡಿದೆ. ನಾನು ಕಲಿಸುತ್ತಿದ್ದದ್ದು ನನಗೆ ಬೇಸರವಾದಾಗ. ಬೇಸರ ಹೆಚ್ಚಾದಾಗ ಕಲಿಸುವುದನ್ನೂ ಬಿಟ್ಟು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆ.

ಈ ಪಂದ್ಯದಿಂದ ಒಂದು ಉಪಕಾರವಾಯಿತು. ಅದಕ್ಕೆ ಮುಂಚೆ ನಮ್ಮ ದಿನದ ಫೋನು ಹೀಗಿರುತ್ತಿತ್ತು. ‘ಊಟ ಆಯ್ತಾ?’ ‘ಆಯ್ತು. ನಿಮ್ದು?’ ‘ಆಯ್ತು.’ ‘ಮತ್ತೆ?’ ‘ಮತ್ತೇನಿಲ್ಲ.’ ಎದುರಿಗಿದ್ದರೆ ಮಾತೇ ಆಡದೆ ಕುಳಿತಿರಬಹುದು. ಫೋನಿನಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ, ಇಟ್ಟುಬಿಡಬೇಕಾಗುತ್ತದೆ. ಈಗ ನಾಯಿಗಳ ಸಮಾಚಾರ ಸಿಕ್ಕಿತು. ನಾನು ಕೊಚ್ಚಿಕೊಳ್ಳುವುದರಲ್ಲಿ ಹಿಂದೆ ಬೀಳಲಿಲ್ಲ. ‘ಕರಿಯ ಕೂತ್ಕೋ ಅನ್ನೋ ಮೊದಲೇ ಕೂತ್ಕೊಂಡಿರ್ತಾನೆ’ ಎಂದೆ. ಅದು ಸುಳ್ಳಲ್ಲ; ಕೂತಿದ್ದಾಗಲೇ ನಾನು ಹೇಳುತ್ತಿದ್ದೆ. ಗಿರಿಜ ನಿಟ್ಟುಸಿರು ಬಿಟ್ಟು, ‘ನಮ್ಮ ಕೆಂಚಿಗೆ ಇನ್ನೂ ಏನೂ ಹತ್ತಿಲ್ಲ ಕಣ್ರಿ. ಕರೆದ್ರೆ ತಿರುಗೂ ನೋಡಲ್ಲ’ ಎನ್ನುತ್ತಿದ್ದಳು. ನಾನು ಗೆಲ್ಲುತ್ತಿದ್ದೇನೆ, ಅವಳು ಬರುತ್ತಾಳೆ ಎಂದು ಒಳಗೊಳಗೇ ಹಿಗ್ಗಿದೆ. ಕುಕ್ಕರಿನ ಪಕ್ಕದ ಕಪಾಟು ಖಾಲಿ ಮಾಡಿಟ್ಟೆ. ಗೋಡೆಗೆ ಕನ್ನಡಿ ಹೊಡೆಸಿದೆ. ಹೀಗೆ ಒಬ್ಬನೇ ಕನ್ನಡಿ ಮುಂದೆ ನಿಂತಾಗ ಮಾತ್ರ, ಕರಿಯನ ನಿಜವಾದ ವಿದ್ಯಾಭ್ಯಾಸದ ನೆನಪಾಗಿ ಮುಖ ಸಣ್ಣದಾಗುತ್ತಿತ್ತು.

ದಸರಾ ರಜೆಯಲ್ಲಿ ಕರಿಯನನ್ನು ಕಟ್ಟಿಕೊಂಡು ಹೊಸದುರ್ಗಕ್ಕೆ ಹೊರಟೆ. ಸರ್ಕಾರಿ ಬಸ್ಸು ಹತ್ತುವಾಗ ಕಂಡಕ್ಟರು ನನ್ನನ್ನು ಬಿಟ್ಟು ನಾಯಿಯನ್ನು ನೋಡಿ, ‘ಗಂಡೋ ಹೆಣ್ಣೋ?’ ಎಂದ. ಕಲಿಕೆಯ ಬಗ್ಗೆ ಇವನದೂ ಒಂದು ಅಭಿಪ್ರಾಯ ಬರುತ್ತದೆಂದುಕೊಂಡು ‘ಗಂಡು’ ಎಂದೆ. ‘ಹಂಗಾದ್ರೆ ಟಿಕೆಟ್ ತಗಳ್ರಿ. ಹೆಣ್ಣಾಗಿದ್ರೆ ಆಧಾರ್ ತೋರ್ಸಿ ಫ್ರೀಯಾಗಿ ಹೋಗಬಹುದಿತ್ತು’ ಎಂದ. ಬಸ್ಸಿನ ತುಂಬ ಇದ್ದ ಹೆಂಗಸರು ಗೊಳ್ಳೆಂದು ನಕ್ಕರು. ಟಿಕೆಟ್ಟು ಕೊಂಡ ಇಬ್ಬರೇ ಗಂಡಸರಂತೆ ನಾನೂ ಕರಿಯನೂ ಹಿಂದಿನ ಸೀಟಿನಲ್ಲಿ ಮುದುರಿ ಕುಳಿತೆವು.

ಹೊಸದುರ್ಗದ ಮನೆಯ ಗೇಟು ತೆಗೆದದ್ದೇ ತಡ, ಸೀಬೆ ಗಿಡದ ಬುಡದಲ್ಲಿ ಮಲಗಿದ್ದ ಕೆಂಚಿ ತಲೆ ಎತ್ತಿದಳು. ಕರಿಯ ನಿಂತ. ಒಂದು ಕ್ಷಣ ಎರಡೂ ಮೂಗು ಆಡಿಸಿದವು. ಆಮೇಲೆ ಎದ್ದಿತು ನೋಡಿ ಗಲಾಟೆ! ಒಂದರ ಮೇಲೊಂದು ಉರುಳುವುದೇನು, ಕಿವಿ ಕಚ್ಚುವುದೇನು, ಅಳುವೋ ನಗುವೋ ತಿಳಿಯದ ಹಾಗೆ ಕುಂಯ್ಗುಡುವುದೇನು. ಆ ಎರಡಕ್ಕೂ ಗುರುತಿತ್ತು. ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಅನ್ನ ತಿಂದು ಬೆಳೆದರೂ ಗುರುತಿತ್ತು. ಬಾಗಿಲಲ್ಲಿ ಗಿರಿಜ ನಿಂತಿದ್ದಳು. ನಾವೂ ತಾಳ್ಯದಿಂದ ಬಂದ ಮೇಲೆ ಭೇಟಿಯಾಗಿರಲಿಲ್ಲ. ಮರಿ ಬಿಟ್ಟು ಬರುವಂತಿರಲಿಲ್ಲ, ಜೊತೆಗೆ ಅವಳಿಗೆ ಪರೀಕ್ಷೆ, ನನಗೆ ಆಡಿಟ್ಟು. ನಾನು ‘ಹೂಂ, ಬಂದೆ’ ಎಂದೆ. ಅವಳು ‘ಬಸ್ಸು ರಶ್ಶಿತ್ತಾ?’ ಎಂದಳು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಿಂಚನ ಜಡ್ಜಿನ ಗತ್ತಿನಲ್ಲಿ ಮೆಟ್ಟಿಲ ಮೇಲೆ ಕುಳಿತಳು. ‘ಮೊದಲು ಅಪ್ಪ’ ಎಂದಳು. ನಾನು ಸೊಂಟಕ್ಕೆ ಕೈಯಿಟ್ಟು ‘ಕರಿಯಾ, ಕಮ್!’ ಎಂದೆ. ಅವನು ಮನೆಯ ಹಿಂದಕ್ಕೆ ಹೋದ. ‘ಕಮ್ ಹಿಯರ್!’ ಎಂದೆ. ಪಕ್ಕದ ಮನೆಯ ಕೋಳಿ ಬಂತು. ಬಿಸ್ಕತ್ತು ತೋರಿಸಿದೆ. ಅವನು ಬಂದ, ಬಿಸ್ಕತ್ತು ಕಿತ್ತುಕೊಂಡು ಹೋಗಿ ಕೆಂಚಿಯ ಮುಂದೆ ಇಟ್ಟ. ‘ಅಪ್ಪಾ, ಇವನು ಹೇಳೋ ಮೊದಲೇ ಕೂರ್ತಾನೆ ಅಂದಿದ್ರಲ್ಲ?’ ಎಂದಳು ಮಗಳು. ‘ಜಾಗ ಹೊಸದಲ್ವೇನಮ್ಮ’ ಎಂದೆ. ಗಿರಿಜ ಸೆರಗು ಬಾಯಿಗಿಟ್ಟುಕೊಂಡು, ‘ಇರ್ಲಿ ಬಿಡೇ, ನಮ್ಮ ಕೆಂಚಿಗೂ ಏನೂ ಬರಲ್ಲ. ನಾನು ಸೋತೆ ಅಂತ ಬರ್ಕೋ’ ಎಂದಳು.

ಅಷ್ಟು ಹೊತ್ತಿಗೆ, ನಾನು ಹಾಕದೇ ಬಿಟ್ಟಿದ್ದ ಗೇಟಿನಿಂದ ಎರಡೂ ಹೊರಗೆ ಚಿಮ್ಮಿದವು. ಬೀದಿಯಲ್ಲಿ ಸಿಮೆಂಟು ತುಂಬಿದ ಟೆಂಪೋ ಒಂದು ಹಿಂದಕ್ಕೆ ಬರುತ್ತಿತ್ತು. ನನ್ನ ಬಾಯಿಂದ ಕನ್ನಡವೂ ಹೊರಡಲಿಲ್ಲ, ಇಂಗ್ಲಿಷೂ ಹೊರಡಲಿಲ್ಲ. ಗಿರಿಜ ಮೆಟ್ಟಿಲಿಂದ ಇಳಿಯಲೂ ಇಲ್ಲ. ‘ಕೆಂಚಿ, ನಿಲ್ಲಮ್ಮ’ ಎಂದಳು, ಗಟ್ಟಿಯಾಗಿ ಕೂಡ ಅಲ್ಲ. ಕೆಂಚಿ ನಿಂತಲ್ಲೇ ನಿಂತಳು. ಅವಳು ನಿಂತದ್ದಕ್ಕೆ ಅವಳ ಬೆನ್ನಿಗೆ ಢಿಕ್ಕಿ ಹೊಡೆದು ಕರಿಯನೂ ನಿಂತ. ಟೆಂಪೋ ಹಿಂದೆ ಬಂದು, ತಿರುಗಿಸಿಕೊಂಡು ಹೋಯಿತು. ‘ಬಾರಮ್ಮ’ ಎಂದಳು. ಬಂದಳು. ‘ಕೂತ್ಕೋ.’ ಕೂತಳು. ಪಕ್ಕದಲ್ಲಿ ಕರಿಯ, ಏನು ನಡೆಯುತ್ತಿದೆಯೋ ತಿಳಿಯದೆ ಅವಳ ಮುಖವನ್ನೇ ನೋಡುತ್ತಾ ಕುಳಿತ.

ಸಿಂಚನ ಬಾಯಿ ತೆರೆದವಳು ಮುಚ್ಚಲಿಲ್ಲ. ‘ಅಮ್ಮಾ! ಇದಕ್ಕೆ ಎಲ್ಲ ಬರುತ್ತಲ್ಲ!’ ಗಿರಿಜಳ ಮುಖ ಕೆಂಪಾಯಿತು. ತರಗತಿಯಲ್ಲಿ ನಕಲು ಹೊಡೆಯುವವರನ್ನು ಹಿಡಿಯುವ ಹೆಂಗಸು, ತಾನೇ ಸಿಕ್ಕಿಬಿದ್ದ ಹಾಗೆ ಒಳಗೆ ನಡೆದಳು. ಮಗಳು ತೀರ್ಪನ್ನು ಕಾಯ್ದಿರಿಸಿ, ಎರಡು ನಾಯಿಗಳನ್ನೂ ಎಳೆದುಕೊಂಡು ಹಿತ್ತಲಿಗೆ ಹೋದಳು. ಅವಳ ಬುದ್ಧಿ ಖಂಡಿತ ನನ್ನ ಕಡೆಯಿಂದ ಬಂದದ್ದಲ್ಲ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ‘ಏನೂ ಕಲಿತಿಲ್ಲ ಅಂತ ಯಾಕೆ ಹೇಳ್ತಿದ್ದೆ?’

ಅವಳು ಸೊಪ್ಪು ಬಿಡಿಸುತ್ತಲೇ, ‘ಸೋತ್ರೆ ನಾನು ಬರಬೇಕಾಗ್ತಿತ್ತಲ್ಲ’ ಎಂದಳು.

‘ಬರಬೇಕು ಅಂತ ಇದ್ರೆ ಬರ್ತೀನಿ ಅನ್ನಬಹುದಿತ್ತಲ್ಲ.’

‘ಕರೀದೆ ಹೆಂಗೆ ಬರ್ಲಿ? ಆ ನಾಯಿಗೆ ದಿನಕ್ಕೆ ನೂರು ಸಲ ಕಮ್ಮು ಕಮ್ಮು ಅಂತೀರಲ್ಲ ಫೋನಿನಾಗೆ, ಕೇಳಿಸ್ತಿರ್ತೈತೆ ನನಗೆ. ನನ್ನ ಒಂದಿನ ಬಾ ಅಂದಿದ್ರೇನ್ರಿ?’

ಟೀಚರ ಕನ್ನಡ ಬಿಟ್ಟು ಅವಳ ತವರಿನ ಕನ್ನಡ ಹೊರಬಿತ್ತೆಂದರೆ ಅವಳು ಅಳುವಿನ ಹತ್ತಿರ ಇದ್ದಾಳೆಂದು ಅರ್ಥ. ಎಷ್ಟೊಂದು ಸೋಮವಾರಗಳ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ‘ಹುಷಾರು’ ಎಂದಿದ್ದೇನೆ, ‘ಕೊಡೆ ತಗೊಂಡ್ಯಾ’ ಎಂದಿದ್ದೇನೆ. ಹೇಳಬೇಕೆಂದಿದ್ದ ಮಾತು ಅದಾಗಿರಲಿಲ್ಲ. ನೀನಿಲ್ಲದೆ ನನಗೆ ಆ ಮನೆಯಲ್ಲಿ ದೀಪ ಹಾಕಲೂ ಬೇಸರ ಎಂದು ಹೇಳಬೇಕಿತ್ತು. ಅವತ್ತು ಹೇಳಿದೆ. ತಡವಾಗಿ, ತೊದಲುತ್ತಾ, ಮೆಂತ್ಯ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡು ಹೇಳಿದೆ. ‘ಸೋತಿದ್ದು ಕರಿಯ. ಮಾತು ಮಾತೇ. ನಾನೇ ಬರ್ತೀನಿ ಈ ಊರಿಗೆ. ತಿಪ್ಪೇಸ್ವಾಮಿ ಏನಾದ್ರೂ ಅಂದ್ಕೊಳ್ಳಲಿ.’ ಅವಳು ಮೂಗು ಒರೆಸಿಕೊಂಡು, ‘ಬರ್ರಿ’ ಎಂದಳು. ಅಷ್ಟೇ. ಹಿತ್ತಲಿನಿಂದ ಮಗಳ ದನಿ ಬಂತು: ‘ಇಬ್ಬರೂ ಒಟ್ಟಿಗೆ ಅರ್ಜಿ ಹಾಕಿಬಿಟ್ಟೀರಾ! ಅವರು ಅಪ್ಪನ್ನ ಇಲ್ಲಿಗೆ, ಅಮ್ಮನ್ನ ಅಲ್ಲಿಗೆ ಹಾಕ್ತಾರೆ!’

ಅರ್ಜಿ ಹಾಕಿದ್ದೇನೆ. ಅದು ಮೇಜಿನಿಂದ ಮೇಜಿಗೆ ಹೇಗೆ ನಡೆಯುತ್ತದೆಂಬುದು ಕಡತಗಳ ನಡುವೆಯೇ ಜೀವ ಸವೆಸಿದ ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಆದ್ದರಿಂದ ಇನ್ನೂ ಬಬ್ಬೂರಿನಲ್ಲೇ ಇದ್ದೇನೆ. ಕರಿಯನೂ ಈಗ ನನ್ನ ಜೊತೆ ಇಲ್ಲ. ಹೊರಡುವ ದಿನ ಹಗ್ಗ ಹಿಡಿದೆಳೆದರೆ ಅವನು ಕೆಂಚಿಯ ಪಕ್ಕ ಮಲಗಿ ಕಾಲು ನೆಲಕ್ಕೆ ಊರಿಬಿಟ್ಟ. ಇನ್ನೊಂದು ಸಲ ಅವರನ್ನು ಬೇರೆ ಮಾಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಗಿರಿಜಳ ಕೈಯಲ್ಲಿ ಅವನು ಬೇಗಬೇಗ ಎಲ್ಲ ಕಲಿತನಂತೆ; ‘ಬಾರಪ್ಪ’ ಎಂದರೆ ಬಂದು ಕಾಲ ಬಳಿ ಕೂರುತ್ತಾನಂತೆ. ಕಚೇರಿಯಲ್ಲಿ ಫಲಿತಾಂಶ ಏನೆಂದು ಕೇಳಿದವರಿಗೆ, ಮರಿ ಗಂಡೋ ಹೆಣ್ಣೋ ಎನ್ನುವುದಕ್ಕಿಂತ ಕರೆಯುವವರು ಯಾರು ಎಂಬುದು ಮುಖ್ಯ ಎಂದು ಹೇಳಿದೆ. ತಿಪ್ಪೇಸ್ವಾಮಿ ನಂಬಲಿಲ್ಲ. ಶಾಂತಮ್ಮನವರು ಮಾತ್ರ ಯಾಕೋ ಮೊಬೈಲು ತೆಗೆದುಕೊಂಡು ಹೊರಗೆ ಹೋದರು.

ಮೊನ್ನೆ ಗುರುವಾರ ಫೋನಿನಲ್ಲಿ ಗಿರಿಜ, ‘ಶನಿವಾರ ಬೇಗ ಬರ್ರಿ’ ಎಂದಳು. ‘ಊಟ ಆಯ್ತಾ’ ಎಂದು ಕೇಳುವುದಕ್ಕೂ ಮೊದಲೇ ಎಂದಳು. ಶುಕ್ರವಾರ ಇಡೀ ದಿನ ನನಗೆ ಕಡತದ ಅಕ್ಷರ ಕಾಣಲಿಲ್ಲ. ಕಚೇರಿ ಬಿಟ್ಟ ಕೂಡಲೇ, ಮನೆಗೂ ಹೋಗದೆ, ಊಟದ ಡಬ್ಬಿಯ ಚೀಲದ ಸಮೇತ ಹೊಸದುರ್ಗದ ಬಸ್ಸು ಹತ್ತಿದೆ. ಗೇಟಿನಲ್ಲಿ ನಿಂತ ನನ್ನನ್ನು ನೋಡಿ ಎರಡು ನಾಯಿಗಳೂ ಎದ್ದು ಓಡಿಬಂದವು. ಗಿರಿಜ ಮುದ್ದೆ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

‘ನಾಳೆ ಅಲ್ವೇನ್ರಿ ನಾನು ಬರ್ರಿ ಅಂದಿದ್ದು?’

ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

‘ನೋಡ್ದೇನೇ ಕೆಂಚಿ,’ ಎಂದಳು ಅವಳು, ‘ಗಂಡಿಗೆ ಕಲಿಸೋದು ಎಷ್ಟು ಕಷ್ಟ ಅಂತ.’ ಎಸರಿಗೆ ಇನ್ನೊಂದು ಹಿಡಿ ಹಿಟ್ಟು ಹಾಕಲು ಒಳಗೆ ಹೋದಳು.